‘ಎಕ್ಸ್‌ಮಸ್’ ಎಂಬ ಸಂಕ್ಷೇಪದ ಮೂಲ

ಕ್ರಿಸ್ಮಸ್ ಹಬ್ಬದ ಹೆಸರನ್ನು ಇಂಗ್ಲಿಷಿನಲ್ಲಿ ‘ಎಕ್ಸ್‌ಮಸ್’ ಎಂದು ಸಂಕ್ಷೇಪಿಸಿ ಬರೆಯುವ ವಾಡಿಕೆಯುಂಟು. ಕ್ರಿಸ್ತನ ಹೆಸರನ್ನು ಹಬ್ಬದಿಂದ ತೊಲಗಿಸುವ ಆಧುನಿಕರ ಅನಾದರವೇ ಇದಕ್ಕೆ ಕಾರಣವೆಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಕ್ಕೆ ಆಧಾರವಿಲ್ಲ.

ಈ ಸಂಕ್ಷೇಪದ ಮೊದಲ ಅಕ್ಷರವು ಮೂಲತಃ ರೋಮನ್ ಲಿಪಿಯ ‘ಎಕ್ಸ್’ ಅಲ್ಲ. ಅದೇ ಆಕಾರವುಳ್ಳ ಗ್ರೀಕ್ ಲಿಪಿಯ ‘ಖೀ’. ಹೀಬ್ರೂ ಭಾಷೆಯ ‘ಮೆಸ್ಸೀಯ’ ಎಂಬ ಪದಕ್ಕೆ ಅಭಿಷಿಕ್ತನೆಂದು ಅರ್ಥ. ಇದಕ್ಕೆ ಸಮಾನವಾದ ಗ್ರೀಕ್ ಪದ ‘ಖ್ರಿಸ್ತೋಸ್’. ಅದರ ಆದ್ಯಕ್ಷರವೇ ‘ಖೀ’. ಪ್ರಾಚೀನ ಕ್ರೈಸ್ತ ಲಿಪಿಕಾರರು ದೇವರು, ಯೇಸು, ಕ್ರಿಸ್ತ ಮೊದಲಾದ ಪೂಜ್ಯನಾಮಗಳನ್ನು ಕೆಲವೇ ಅಕ್ಷರಗಳಲ್ಲಿ ಬರೆದು ಮೇಲೊಂದು ಗೆರೆಯನ್ನೆಳೆಯುತ್ತಿದ್ದರು. ಇದು ಗೌರವಸೂಚಕವಾದ ಸಂಪ್ರದಾಯ. 4ನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಸೇನೆಯು ಧರಿಸಿದ ಲಾಂಛನವೂ ‘ಖೀ’ ಮತ್ತು ‘ರೋ’ ಎಂಬ ಮೊದಲೆರಡು ಅಕ್ಷರಗಳನ್ನು ಹೆಣೆದುದೇ ಆಗಿದೆ.

ಲ್ಯಾಟಿನ್ ಲಿಪಿಕಾರರೂ ಈ ಗ್ರೀಕ್ ಅಕ್ಷರಗಳನ್ನು ಹಾಗೆಯೇ ಉಳಿಸಿಕೊಂಡರು. ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಎಂಬ ವೃತ್ತಾಂತದ 12ನೆಯ ಶತಮಾನದ ಪ್ರತಿಯಲ್ಲಿ ಹಬ್ಬದ ಹೆಸರು ಇವುಗಳಿಂದಲೇ ಆರಂಭವಾಗುತ್ತದೆ. ‘ಮಸ್’ ಎಂಬ ಉತ್ತರಭಾಗವು ‘ಮಾಸ್’ ಎಂಬ ಪೂಜಾವಿಧಿಯ ಹೆಸರು.

ಆದುದರಿಂದ ಇಲ್ಲಿ ಲೋಪವಾದುದು ಕ್ರಿಸ್ತನ ನಾಮವಲ್ಲ, ಆ ಅಕ್ಷರವನ್ನು ಓದುವ ಪರಿಜ್ಞಾನವೆಂದು ಸಿದ್ಧವಾಗುತ್ತದೆ.