ಮುಂಜಾವಿನ ಬಾಯಲ್ಲಿ ಚಿನ್ನ

ನಾರ್ವೆಯ ಭಾಷೆಯನ್ನು ಹೊಸದಾಗಿ ಕಲಿಯುವವರಿಗೆ ಬಹುಬೇಗ ಎದುರಾಗುವ ಗಾದೆಗಳಲ್ಲಿ ಒಂದು ‘ಮೋರ್ಗೆನ್‌ಸ್ಟುನ್ ಹಾರ್ ಗುಲ್ ಇ ಮುನ್’. ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ಮುಂಜಾವಿನ ಹೊತ್ತಿನ ಬಾಯಲ್ಲಿ ಚಿನ್ನವಿದೆ’ ಎಂದಾಗುತ್ತದೆ. ಬೇಗ ಎದ್ದು ಕೆಲಸಕ್ಕೆ ತೊಡಗಿದವನಿಗೆ ಲಾಭವಿದೆ ಎಂಬುದು ತಾತ್ಪರ್ಯ. ತಾತ್ಪರ್ಯವೇನೋ ಸರಳ. ಆದರೆ ಆ ಚಿನ್ನ ಯಾರ ಪಾಲಾಗುತ್ತಿತ್ತು ಎಂಬ ಪ್ರಶ್ನೆ ಅಷ್ಟು ಸರಳವಲ್ಲ.

ಚಿನ್ನಕ್ಕೂ ಬಾಯಿಗೂ ಏನು ಸಂಬಂಧ? ಮೊದಲ ಉತ್ತರ ಪ್ರಾಸ. ‘ಸ್ಟುಂಡ್’ ಎಂದು ಬರೆದರೂ ಕೊನೆಯ ‘ಡ’ಕಾರವನ್ನು ಉಚ್ಚರಿಸುವುದಿಲ್ಲ; ಹಾಗಾಗಿ ಅದು ‘ಮುನ್’ ಎಂಬ ಪದಕ್ಕೆ ಸರಿಯಾಗಿ ಕೂಡುತ್ತದೆ. ಇನ್ನೊಂದು ವಿವರಣೆ ಸ್ವಾರಸ್ಯಕರ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಮುಂಡ್’ ಎಂದರೆ ಕೈ. ಆದ್ದರಿಂದ ಗಾದೆಯ ಮೂಲಾರ್ಥ ‘ಕೈಯಲ್ಲಿ ಚಿನ್ನ’ ಎಂದೇ ಇದ್ದಿರಬೇಕೆಂದು ಕೆಲವರ ವಾದ. ಲ್ಯಾಟಿನ್ ಕಡೆಗೆ ಬೆರಳು ತೋರುವವರೂ ಇದ್ದಾರೆ. ಉಷೆಯ ಹೆಸರು ‘ಆರೋರಾ’. ಅದರಲ್ಲಿ ಚಿನ್ನವೆಂಬ ಅರ್ಥದ ‘ಆರುಮ್’ ಮತ್ತು ಬಾಯಿ ಎಂಬ ಅರ್ಥದ ‘ಓರಿಸ್’ ಎರಡರ ದನಿಯೂ ಅಡಗಿದೆ ಎಂಬುದು ಅವರ ಊಹೆ. ಯಾವುದೇ ನಿಜವಿರಲಿ, ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಮಾತು ಬಲ್ಲ ಕನ್ನಡಿಗರಿಗೆ ಈ ಕೈ–ಬಾಯಿಗಳ ನಂಟು ಹೊಸದೇನಲ್ಲ.

ಗಾದೆ ನಾರ್ವೆಯೊಂದರದೇ ಸೊತ್ತೂ ಅಲ್ಲ. ಜರ್ಮನ್, ಡೇನಿಷ್, ಸ್ವೀಡಿಷ್ ಭಾಷೆಗಳಲ್ಲಿ ಅದು ಹೆಚ್ಚು ಕಡಿಮೆ ಇದೇ ರೂಪದಲ್ಲಿದೆ. ಇದರಲ್ಲಿ ಆಶ್ಚರ್ಯವಿಲ್ಲ. ಬರ್ಗೆನ್ ಬಂದರಿನಲ್ಲಿ 1360ರ ಸುಮಾರಿಗೆ ಜರ್ಮನ್ ವರ್ತಕರ ಹಾನ್ಸಾ ಒಕ್ಕೂಟದ ಕೋಠಿ ಸ್ಥಾಪನೆಯಾಯಿತು. ಒಣಮೀನು ಕೊಂಡು ಧಾನ್ಯ ಮಾರಿದ ಆ ವರ್ತಕರ ಭಾಷೆಯಿಂದ ಅಸಂಖ್ಯ ಪದಗಳು ನಾರ್ವೆಯ ನುಡಿಗೆ ಸೇರಿದವು. ಮುಂದೆ 1814ರವರೆಗೆ, ನಾಲ್ಕು ಶತಮಾನಕ್ಕೂ ಮಿಕ್ಕಿ, ನಾರ್ವೆ ಡೆನ್ಮಾರ್ಕಿನ ಅರಸರ ಅಧೀನದಲ್ಲಿತ್ತು. ಕ್ರಮೇಣ ಬರವಣಿಗೆಯ ಭಾಷೆಯೂ ಡೇನಿಷ್ ಆಯಿತು. ಸರಕಿನ ಜೊತೆಗೆ ಗಾದೆಗಳೂ ಸಮುದ್ರ ದಾಟುವುದು ಸಹಜ.

ಆದರೆ ಬೇಗ ಏಳುವ ಬುದ್ಧಿಮಾತು ಆ ನೆಲಕ್ಕೆ ಹೊರಗಿನಿಂದಲೇ ಬರಬೇಕಾಗಿರಲಿಲ್ಲ. ಹದಿಮೂರನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ ಉಳಿದುಬಂದಿರುವ ‘ಹಾವಮಾಲ್’ ಎಂಬ ನೀತಿಕಾವ್ಯವು ಆಳುಕಾಳು ಕಡಿಮೆ ಇರುವವನು ನಸುಕಿನಲ್ಲೇ ಎದ್ದು ತನ್ನ ಕೆಲಸ ನೋಡಿಕೊಳ್ಳಬೇಕೆಂದು ಹೇಳುತ್ತದೆ. ನಾರ್ವೆಯಲ್ಲಿ ಉಳುಮೆಯ ಭೂಮಿ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಬೇಸಿಗೆ ಗಿಡ್ಡ, ಚಳಿಗಾಲ ದೀರ್ಘ. ಕೊಟ್ಟಿಗೆಯಲ್ಲೇ ತಿಂಗಳುಗಟ್ಟಲೆ ನಿಲ್ಲುವ ದನಗಳಿಗೆ ಬೇಕಾದ ಹುಲ್ಲನ್ನು ಕೆಲವೇ ವಾರಗಳಲ್ಲಿ ಕೊಯ್ದು ಒಣಗಿಸಬೇಕಿತ್ತು. ಇಬ್ಬನಿ ಹಿಡಿದ ಹುಲ್ಲು ಉದ್ದ ಹಿಡಿಯ ಕುಡುಗೋಲಿಗೆ ಸುಲಭವಾಗಿ ಸಿಗುತ್ತದೆ; ಬಿಸಿಲೇರಿದ ಮೇಲೆ ಅದೇ ಕೆಲಸ ಕಷ್ಟ. ಅಂದರೆ ಮುಂಜಾವಿನ ಚಿನ್ನ ಬರಿಯ ಅಲಂಕಾರದ ಮಾತಾಗಿರಲಿಲ್ಲ.

ಕಾಲದ ಲೆಕ್ಕ ಇಡಲು ರೈತರ ಮನೆಗಳಲ್ಲಿ ‘ಪ್ರಿಮ್‌ಸ್ಟಾವ್’ ಎಂಬ ಮರದ ಪಟ್ಟಿ ಇರುತ್ತಿತ್ತು. ಅದರ ಒಂದು ಮಗ್ಗುಲು ಏಪ್ರಿಲ್ 14ರಿಂದ ಶುರುವಾಗುವ ಬೇಸಿಗೆಗೆ, ಮತ್ತೊಂದು ಅಕ್ಟೋಬರ್ 14ರಿಂದ ಶುರುವಾಗುವ ಚಳಿಗಾಲಕ್ಕೆ. ಬೇಸಿಗೆಯ ಮೊದಲ ದಿನಕ್ಕೆ ಮರದ ಚಿತ್ರ, ಚಳಿಗಾಲದ ಮೊದಲ ದಿನಕ್ಕೆ ಕೈಗವಸಿನ ಚಿತ್ರ. ಅಕ್ಷರ ಬಾರದವರೂ ಓದಬಹುದಾದ ಪಂಚಾಂಗ ಅದು.

ಸ್ವಂತ ಹೊಲವಿದ್ದವನಿಗೆ ಮುಂಜಾವಿನ ದುಡಿಮೆಯ ಫಲ ತನ್ನ ಕಣಜಕ್ಕೇ ಬರುತ್ತಿತ್ತು. ‘ಹೂಸ್‌ಮನ್’ ಎಂಬ ಒಕ್ಕಲಿನವನ ಪಾಡು ಬೇರೆ. ಒಡೆಯನ ಜಮೀನಿನಂಚಿನಲ್ಲಿ ಅವನಿಗೊಂದು ಗುಡಿಸಲು, ತುಂಡು ನೆಲ. ಅದಕ್ಕೆ ಪ್ರತಿಯಾಗಿ ಒಡೆಯನ ಹೊಲದಲ್ಲಿ ದುಡಿಯುವ ಕಟ್ಟುಪಾಡು. ಒಳ್ಳೆಯ ಬಿಸಿಲಿನ ದಿನ ಒಡೆಯನಿಗೆ ಸಂದರೆ, ತನ್ನ ತುಂಡು ನೆಲಕ್ಕೆ ಉಳಿಯುತ್ತಿದ್ದದ್ದು ನಸುಕು ಇಲ್ಲವೇ ಇರುಳು. ಅವನು ಎಷ್ಟು ಬೇಗ ಎದ್ದರೂ ಚಿನ್ನದ ಬಹುಪಾಲು ಬೇರೆಯವರ ಬಾಯಿಗೇ ಹೋಗುತ್ತಿತ್ತು. 1848ರಲ್ಲಿ ಮಾರ್ಕುಸ್ ಥ್ರಾನೆ ಕಾರ್ಮಿಕ ಸಂಘಗಳನ್ನು ಕಟ್ಟಲು ತೊಡಗಿದಾಗ ಇಂಥ ಒಕ್ಕಲುಗಳೂ ದೊಡ್ಡ ಸಂಖ್ಯೆಯಲ್ಲಿ ಸೇರಿದರು. 1851ರಲ್ಲಿ ಥ್ರಾನೆಯವರನ್ನು ಬಂಧಿಸಲಾಯಿತು, ಚಳವಳಿ ಮುರಿದುಬಿತ್ತು. 1825ರಿಂದ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಉತ್ತರ ಅಮೆರಿಕಕ್ಕೆ ವಲಸೆ ಹೋದರು. ದುಡಿದದ್ದು ತಮಗೇ ದಕ್ಕುವ ನೆಲವನ್ನು ಹುಡುಕಿ ಹೋದವರು ಅವರಲ್ಲಿ ಅನೇಕ.

ಇದೇ ಕಾಲದಲ್ಲಿ, 1856ರಲ್ಲಿ, ಭಾಷಾವಿದ್ವಾಂಸ ಈವಾರ್ ಓಸೆನ್ ಅವರ ನಾರ್ವೆ ಗಾದೆಗಳ ಸಂಗ್ರಹ ಪ್ರಕಟವಾಯಿತು. ಸ್ವತಃ ರೈತನ ಮಗನಾದ ಓಸೆನ್ ಹಳ್ಳಿಹಳ್ಳಿ ಸುತ್ತಿ ಜನರ ಆಡುಮಾತನ್ನು ಕಲೆಹಾಕಿದವರು. ಆ ಮಾತುಗಳ ಆಧಾರದ ಮೇಲೆಯೇ ಹೊಸದೊಂದು ಬರವಣಿಗೆಯ ಭಾಷೆಯನ್ನು ರೂಪಿಸಿದವರು.

ಕಾರ್ಖಾನೆಗಳು ಬಂದಮೇಲೆ ಹೊತ್ತನ್ನು ಅಳೆಯುವ ಬಗೆಯೇ ಬದಲಾಯಿತು. ‘ಸಮಯವೇ ಹಣ’ ಎಂದು ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲೇ ತರುಣ ವರ್ತಕನಿಗೆ ಬುದ್ಧಿ ಹೇಳಿದ್ದರು. ನಾರ್ವೆಯಲ್ಲೂ ಆ ಮಾತು ಗಾದೆಯಾಗಿದೆ. ಎರಡಕ್ಕೂ ಅಂತರವಿದೆ. ಒಂದು ವರ್ತಕನ ಗಡಿಯಾರ ನೋಡಿ ಹುಟ್ಟಿದ್ದು, ಇನ್ನೊಂದು ಮೂಡಣದ ಬಣ್ಣ ನೋಡಿ. ಹೊತ್ತಿಗೆ ಬೆಲೆ ಇದೆಯೆಂದಾದರೆ, ದುಡಿಯುವವನ ಹೊತ್ತಿಗೂ ಮಿತಿ ಇರಬೇಕೆಂದು ಕಾರ್ಮಿಕರು ಕೇಳತೊಡಗಿದರು. 1919ರಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆ ಕಾನೂನಾಯಿತು. 1987ರಲ್ಲಿ ಬಹುಪಾಲು ನೌಕರರಿಗೆ ವಾರಕ್ಕೆ ಮೂವತ್ತೇಳೂವರೆ ಗಂಟೆಯ ಕೆಲಸ ಜಾರಿಗೆ ಬಂತು. ಬೆಳಿಗ್ಗೆ ಎಂಟಕ್ಕೆ ಕಚೇರಿ ಸೇರಿ ಸಂಜೆ ನಾಲ್ಕಕ್ಕೆ ಮನೆಗೆ ಹೊರಡುವುದು ಅಲ್ಲಿ ವಾಡಿಕೆ. ಬೇಗ ಎದ್ದುದರ ಪ್ರತಿಫಲ ಈಗ ಹೆಚ್ಚಿನ ದುಡಿಮೆಯಲ್ಲ, ಮಕ್ಕಳೊಡನೆ ಕಳೆಯುವ ಸಂಜೆ.

ದೇಶದ ಉತ್ತರದಲ್ಲಿರುವ ಟ್ರೊಮ್ಸೋ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುಭಾಗದವರೆಗೆ ಸೂರ್ಯ ಮೂಡುವುದೇ ಇಲ್ಲ. ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಮುಳುಗುವುದೇ ಇಲ್ಲ. ಅಲ್ಲಿಯೂ ಜನ ಈ ಗಾದೆಯನ್ನು ಬಲ್ಲರು. ಮುಂಜಾವು ಯಾವುದೆಂದು ಹೇಳಲು ಸೂರ್ಯನಿಲ್ಲದ ಕಡೆ ಅದನ್ನು ಮನುಷ್ಯರೇ ಗೊತ್ತುಮಾಡಿಕೊಳ್ಳಬೇಕು. ಅದರ ಚಿನ್ನವನ್ನು ಹೇಗೆ ಹಂಚಿಕೊಳ್ಳಬೇಕೆಂಬುದೂ ಹಾಗೆಯೇ, ಮನುಷ್ಯರೇ ತೀರ್ಮಾನಿಸಬೇಕಾದ ಸಂಗತಿ.