ಧಾನ್ಯದ ಲೆಕ್ಕ, ರಾಜ್ಯದ ಲೆಕ್ಕ: ಇತಿಹಾಸದ ಕಂಪ್ಯೂಟರ್ ಆಟಗಳಲ್ಲಿ ಅರ್ಥವ್ಯವಸ್ಥೆ ಮತ್ತು ರಾಜಕಾರಣ

ಕಂಪ್ಯೂಟರ್ ಆಟವೆಂದರೆ ಗುಂಡಿನ ಸದ್ದು, ಓಡುವ ಕಾರು, ಜಿಗಿಯುವ ಗೊಂಬೆ ಎಂಬುದು ಸಾಮಾನ್ಯ ಕಲ್ಪನೆ. ಆದರೆ ತೆರಿಗೆಯ ದರ, ಧಾನ್ಯದ ಬೆಲೆ, ಶಾಸನಸಭೆಯ ಬಲಾಬಲ ಇವುಗಳನ್ನೇ ಸಾಮಗ್ರಿಯಾಗಿಸಿಕೊಂಡ ಆಟಗಳ ಒಂದು ಪ್ರಕಾರವೂ ಇದೆ. ‘ಗ್ರ್ಯಾಂಡ್ ಸ್ಟ್ರಾಟಜಿ’ ಎಂದು ಹೆಸರಾದ ಇವುಗಳನ್ನು ಕನ್ನಡದಲ್ಲಿ ಮಹಾವ್ಯೂಹದ ಆಟಗಳು ಎನ್ನಬಹುದು. ಇಲ್ಲಿ ಆಟಗಾರನು ಒಬ್ಬ ಸೈನಿಕನನ್ನಾಗಲಿ ಒಂದು ತುಕಡಿಯನ್ನಾಗಲಿ ನಡೆಸುವುದಿಲ್ಲ; ಇಡೀ ರಾಜ್ಯವೊಂದರ ಆಡಳಿತವನ್ನು ದಶಕಗಳ, ಕೆಲವೊಮ್ಮೆ ಶತಮಾನಗಳ ಕಾಲ ನಿರ್ವಹಿಸುತ್ತಾನೆ. ಭೂಪಟವೇ ಆಟದ ಅಂಗಳ. ಉಳಿದ ರಾಜ್ಯಗಳನ್ನು ಕಂಪ್ಯೂಟರು ಅಥವಾ ಇತರ ಆಟಗಾರರು ನಡೆಸುತ್ತಾರೆ.

ಇಂಥ ಆಟದ ಒಡಲಲ್ಲಿ ಅಸಂಖ್ಯ ಲೆಕ್ಕಾಚಾರಗಳು ಅಡಗಿರುತ್ತವೆ. ಬೆಲೆ ಏಕೆ ಏರುತ್ತದೆ, ಜನರು ಏಕೆ ದಂಗೆ ಏಳುತ್ತಾರೆ, ಒಂದು ದೇಶ ಏಕೆ ಸಿರಿವಂತವಾಗುತ್ತದೆ ಎಂಬ ಪ್ರಶ್ನೆಗಳಿಗೆ ಆ ಲೆಕ್ಕಾಚಾರಗಳು ಮೌನವಾಗಿ ಉತ್ತರ ಹೇಳುತ್ತಿರುತ್ತವೆ. ಪಠ್ಯಪುಸ್ತಕದ ಒಂದು ವಾಕ್ಯವನ್ನು ಓದುಗನು ಪ್ರಶ್ನಿಸಿ ಮುಂದೆ ಹೋಗಬಲ್ಲ. ಆಟದ ನಿಯಮವನ್ನಾದರೋ ಪಾಲಿಸಿಯೇ ಮುಂದೆ ಹೋಗಬೇಕು. ಆದ್ದರಿಂದ ಈ ಆಟಗಳು ಯಾವುದನ್ನು ಎಣಿಸುತ್ತವೆ, ಯಾವುದನ್ನು ಬಿಡುತ್ತವೆ ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೂ ಮುಖ್ಯವಾದ ವಿಚಾರ.

ಲಗಾಶ್ ನಗರದ ಕಣಜ

ಈ ಪರಂಪರೆಯ ಬೇರು ಧಾನ್ಯದ ಕಣಜದಲ್ಲಿದೆ. 1964ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ಶಾಲಾ ಮಕ್ಕಳಿಗೆ ಅರ್ಥಶಾಸ್ತ್ರದ ಮೂಲತತ್ತ್ವಗಳನ್ನು ಕಲಿಸಲು ‘ದಿ ಸುಮೇರಿಯನ್ ಗೇಮ್’ ಎಂಬ ಆಟ ರೂಪುಗೊಂಡಿತು. ಶಿಕ್ಷಕಿ ಮೇಬಲ್ ಅಡಿಸ್ ಅದನ್ನು ರಚಿಸಿದರು. ಐಬಿಎಂ ಸಂಸ್ಥೆಯ ವಿಲಿಯಂ ಮೆಕೇ ಅದಕ್ಕೆ ಕಂಪ್ಯೂಟರ್ ಕ್ರಮವಿಧಿ ಬರೆದರು. ವಿದ್ಯಾರ್ಥಿಯು ಪ್ರಾಚೀನ ಸುಮೇರಿಯದ ಲಗಾಶ್ ನಗರದ ದೊರೆ. ಸುಗ್ಗಿಯಲ್ಲಿ ಬಂದ ಧಾನ್ಯದಲ್ಲಿ ಜನರ ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು, ಕಣಜಕ್ಕೆ ಎಷ್ಟು ಎಂಬುದನ್ನು ಅವನು ನಿರ್ಧರಿಸಬೇಕಿತ್ತು. ಇದರ ಸಂಕ್ಷಿಪ್ತ ರೂಪವೊಂದನ್ನು 1968ರಲ್ಲಿ ಡಗ್ ಡೈಮೆಂಟ್ ಬರೆದರು. ‘ಹಮುರಾಬಿ’ ಎಂಬ ಹೆಸರಿನಲ್ಲಿ ಅದು 1970ರ ದಶಕದಲ್ಲಿ ಬೇಸಿಕ್ ಭಾಷೆಯ ಮೂಲಕ ವ್ಯಾಪಕವಾಗಿ ಹರಡಿತು.

ಆ ಆಟದಲ್ಲಿ ಜನರೆಂದರೆ ಒಂದು ಸಂಖ್ಯೆ ಮಾತ್ರ. ಧಾನ್ಯ ಹಂಚಿದರೆ ಬದುಕುತ್ತಾರೆ, ಹಂಚದಿದ್ದರೆ ಸಾಯುತ್ತಾರೆ. ವ್ಯಾಪಾರಿಯಿಲ್ಲ, ಜಮೀನ್ದಾರನಿಲ್ಲ. ನಂತರದ ನಾಲ್ಕು ದಶಕಗಳಲ್ಲಿ ಈ ಖಾಲಿ ಜಾಗಗಳು ಒಂದೊಂದಾಗಿ ತುಂಬಿದವು. 1983ರಲ್ಲಿ ಜಪಾನಿನ ಕೋಯಿ ಸಂಸ್ಥೆ ‘ನೊಬುನಾಗಾಸ್ ಆ್ಯಂಬಿಷನ್’ ಆಟವನ್ನು ತಂದಿತು. 1991ರಲ್ಲಿ ‘ಸಿವಿಲೈಸೇಷನ್’ ಬಂದಿತು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಸಂಸ್ಥೆಯು ಫ್ರಾನ್ಸಿನ ಒಂದು ಹಲಗೆಯಾಟವನ್ನು ಆಧರಿಸಿ 2000ದಲ್ಲಿ ‘ಯುರೋಪಾ ಯೂನಿವರ್ಸಾಲಿಸ್’ ಹೊರತಂದಾಗ ಮಹಾವ್ಯೂಹದ ಆಟಗಳಿಗೆ ಇಂದಿನ ರೂಪ ದೊರೆಯಿತು.

ದೊರೆಯ ಅಂಕಗಳು, ಒಂದೇ ದಿಕ್ಕಿನ ವ್ಯಾಪಾರ

ಈ ಸರಣಿಯ ನಾಲ್ಕನೆಯ ಆಟ ಪ್ರಕಟವಾದದ್ದು 2013ರಲ್ಲಿ. ಅದು ಆರಂಭವಾಗುವುದು 1444ರ ನವೆಂಬರ್ 11ರಂದು. ಆಗ ವಿಜಯನಗರದ ಸಿಂಹಾಸನದಲ್ಲಿದ್ದವನು ಎರಡನೆಯ ದೇವರಾಯ. ಅದಕ್ಕೆ ಒಂದು ವರ್ಷ ಮೊದಲು, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅವನ ಆಸ್ಥಾನಕ್ಕೆ ಬಂದು ನಗರದ ಪೇಟೆಗಳ ವೈಭವವನ್ನು ದಾಖಲಿಸಿದ್ದ. ವಿಜಯನಗರ, ಬಹಮನಿ ಎರಡೂ ಈ ಆಟದಲ್ಲಿ ಆಟಗಾರನು ವಹಿಸಿಕೊಳ್ಳಬಹುದಾದ ರಾಜ್ಯಗಳು.

ಆದರೆ ಇಲ್ಲಿ ಅರ್ಥವ್ಯವಸ್ಥೆಯ ಮೂಲಶಕ್ತಿ ದೊರೆಯೇ. ಆಡಳಿತ, ರಾಜತಂತ್ರ, ಸೈನ್ಯ ಎಂಬ ಮೂರು ಬಗೆಯ ಅಂಕಗಳು ಅರಸನ ಸಾಮರ್ಥ್ಯಕ್ಕೆ ಅನುಗುಣವಾಗಿ ತಿಂಗಳು ತಿಂಗಳೂ ಸಂಗ್ರಹವಾಗುತ್ತವೆ. 2015ರ ಪರಿಷ್ಕರಣೆಯ ನಂತರ ಈ ಅಂಕಗಳನ್ನು ವೆಚ್ಚ ಮಾಡಿ ಒಂದು ಊರನ್ನು ‘ಅಭಿವೃದ್ಧಿ’ಪಡಿಸಬಹುದು. ನೇಕಾರರು ವಲಸೆ ಬಂದುದರಿಂದಾಗಲಿ ಕೆರೆ ಕಟ್ಟಿದ್ದರಿಂದಾಗಲಿ ಊರು ಬೆಳೆಯುವುದಿಲ್ಲ. ಅರಸನು ಗುಂಡಿ ಒತ್ತಿದ್ದರಿಂದ ಬೆಳೆಯುತ್ತದೆ.

ವ್ಯಾಪಾರದ ಏರ್ಪಾಟು ಇನ್ನೂ ಗಮನಾರ್ಹ. ಜಗತ್ತಿನ ವ್ಯಾಪಾರವು ನಿಗದಿತ ಕಾಲುವೆಗಳಲ್ಲಿ, ನಿಗದಿತ ದಿಕ್ಕಿನಲ್ಲಿ ಹರಿಯುತ್ತದೆ. ಅದರ ಅಂತಿಮ ತಾಣಗಳು ಮೂರು: ಜಿನೋವಾ, ವೆನಿಸ್ ಮತ್ತು ಇಂಗ್ಲಿಷ್ ಕಾಲುವೆ. ಭಾರತದ ಸಂಪತ್ತು ಪಶ್ಚಿಮಕ್ಕೆ ಹರಿಯಬಲ್ಲದು, ಯುರೋಪಿನ ಸಂಪತ್ತು ಭಾರತದತ್ತ ತಿರುಗಲಾರದು. ಅಮೆರಿಕ ಖಂಡದ ಗಣಿಗಳ ಬೆಳ್ಳಿಯ ಒಂದು ದೊಡ್ಡ ಭಾಗವು ಬಟ್ಟೆ, ಸಾಂಬಾರ ಪದಾರ್ಥ, ರೇಷ್ಮೆಗಳ ಬೆಲೆಯಾಗಿ ಭಾರತ ಮತ್ತು ಚೀನಾಗಳಿಗೆ ಬಂದು ಸೇರಿತೆಂಬುದು ಇತಿಹಾಸದ ಸಂಗತಿ. ಆಟದ ಕಾಲುವೆಯಲ್ಲಿ ಅದಕ್ಕೆ ಹಾದಿಯಿಲ್ಲ.

ಆರಂಭದ ಆವೃತ್ತಿಗಳಲ್ಲಿ ತಂತ್ರಜ್ಞಾನದ ವಿಷಯದಲ್ಲೂ ಇದೇ ದೃಷ್ಟಿಯಿತ್ತು. ಭಾರತದ ರಾಜ್ಯಗಳು ಹೊಸ ತಂತ್ರಜ್ಞಾನಕ್ಕೆ ಯುರೋಪಿಗಿಂತ ಹೆಚ್ಚು ಬೆಲೆ ತೆರಬೇಕಿತ್ತು. ಸರಿಸಮವಾಗಲು ‘ಪಾಶ್ಚಾತ್ಯೀಕರಣ’ ಎಂಬ ಘಟ್ಟವನ್ನು ದಾಟಬೇಕಿತ್ತು. 2016ರಲ್ಲಿ ಆ ನಿಯಮವನ್ನು ಕೈಬಿಟ್ಟು, ಮುದ್ರಣ, ಜಾಗತಿಕ ವ್ಯಾಪಾರ ಮುಂತಾದ ‘ಸಂಸ್ಥೆ’ಗಳು ಒಂದೆಡೆ ಹುಟ್ಟಿ ಸುತ್ತ ಹರಡುವ ಕ್ರಮವನ್ನು ತರಲಾಯಿತು. ಅದೇ ವಿಜಯನಗರ, ಅದೇ 1444. ನಿಯಮ ಬದಲಾದೊಡನೆ ಅದರ ಭವಿಷ್ಯವೂ ಬದಲಾಯಿತು. ಆಟದಲ್ಲಿ ಕಾಣುವ ‘ಹಿಂದುಳಿದಿರುವಿಕೆ’ಯು ಇತಿಹಾಸದಿಂದ ಬಂದದ್ದೆಷ್ಟು, ನಿಯಮ ಬರೆದವರ ಊಹೆಯಿಂದ ಬಂದದ್ದೆಷ್ಟು ಎಂಬುದನ್ನು ಅಳೆಯಲು ಇದು ಉತ್ತಮ ನಿದರ್ಶನ.

ಜನರನ್ನು ಎಣಿಸುವ ಆಟ

ಜನರಿಂದಲೇ ಆರಂಭಿಸಿದ ಆಟವೆಂದರೆ ಅದೇ ಸಂಸ್ಥೆಯ ‘ವಿಕ್ಟೋರಿಯಾ’. ಅದರ ಮೊದಲ ಆವೃತ್ತಿ 2003ರಲ್ಲಿ, ಎರಡನೆಯದು 2010ರಲ್ಲಿ, ಮೂರನೆಯದು 2022ರ ಅಕ್ಟೋಬರ್ 25ರಂದು ಬಂದವು. ಮೂರೂ ಆಟಗಳು ತೊಡಗುವುದು 1836ರಲ್ಲಿ. ಎರಡನೆಯ ಮತ್ತು ಮೂರನೆಯ ಆಟಗಳು 1936ರವರೆಗಿನ ಒಂದು ಶತಮಾನವನ್ನು ಒಳಗೊಳ್ಳುತ್ತವೆ. ಉಗಿಯಂತ್ರ, ರೈಲು, ವಸಾಹತು, ಕಾರ್ಮಿಕ ಚಳವಳಿಗಳ ಕಾಲವದು.

ಇಲ್ಲಿ ಜನಸಂಖ್ಯೆಯನ್ನು ವೃತ್ತಿ, ಸಂಸ್ಕೃತಿ, ಧರ್ಮ, ವಾಸಸ್ಥಳಗಳಿಗೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಲಾಗಿದೆ. ಪ್ರತಿಯೊಂದು ಗುಂಪಿಗೂ ಆದಾಯವಿದೆ, ಅಗತ್ಯಗಳಿವೆ. ಎರಡನೆಯ ಆಟದಲ್ಲಿ ಆ ಅಗತ್ಯಗಳು ಮೂರು ಬಗೆ: ಜೀವಧಾರಣೆಯವು, ದಿನಬಳಕೆಯವು, ಐಷಾರಾಮದವು. ಕಾರ್ಖಾನೆಯ ಅಗ್ಗದ ಬಟ್ಟೆ ಮಾರುಕಟ್ಟೆಗೆ ಬಂದಾಗ ಕುಶಲಕರ್ಮಿಯ ಆದಾಯ ಕುಸಿಯುತ್ತದೆ; ಅವನು ವೃತ್ತಿ ಬಿಟ್ಟು ಕಾರ್ಖಾನೆಗೆ ಸೇರುತ್ತಾನೆ, ಇಲ್ಲವೇ ಬಂಡಾಯದತ್ತ ವಾಲುತ್ತಾನೆ. ಇದನ್ನು ಹೇಳುವ ಪ್ರತ್ಯೇಕ ಕಥನ ಆಟದಲ್ಲಿಲ್ಲ. ಕೊಳ್ಳುವ, ಮಾರುವ ಲೆಕ್ಕದಿಂದಲೇ ಅದು ಹೊರಹೊಮ್ಮುತ್ತದೆ.

ಮೂರನೆಯ ಆಟದಲ್ಲಿ ಪ್ರತಿಯೊಂದು ಸರಕಿಗೂ ಒಂದು ಮೂಲಬೆಲೆಯಿದೆ. ಬೇಡಿಕೆ ಪೂರೈಕೆಗಿಂತ ಹೆಚ್ಚಾದರೆ ಬೆಲೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಆ ಏರಿಳಿತ ಮೂಲಬೆಲೆಯ ಶೇ. 75ರ ಮಿತಿಯೊಳಗೆ ನಡೆಯುತ್ತದೆ. ಒಂದು ಸರಕು ಇನ್ನೊಂದಕ್ಕೆ ಕೊಂಡಿಯಾಗಿದೆ. ಬಟ್ಟೆಯ ಗಿರಣಿಗೆ ಹತ್ತಿ ಅಥವಾ ಉಣ್ಣೆ ಬೇಕು. ಹೊಲಿಗೆಯಂತ್ರ ಅಳವಡಿಸಿದರೆ ಉಪಕರಣಗಳೂ ಬೇಕು. ಉಪಕರಣಗಳಿಗೆ ಮೊದಲು ಮರ, ಆಮೇಲೆ ಕಬ್ಬಿಣ, ಮುಂದೆ ಉಕ್ಕು ಬೇಕು. 1836ರಲ್ಲಿ ಬಹುತೇಕ ದೇಶಗಳ ಹೆಚ್ಚಿನ ಜನರು ಹೊಟ್ಟೆಪಾಡಿನ ಬೇಸಾಯದಲ್ಲಿರುತ್ತಾರೆ. ಅವರನ್ನು ಕೂಲಿಯ ದುಡಿಮೆಗೆ ಸೆಳೆಯುವುದೇ ಆಟದ ಕೈಗಾರಿಕಾ ಕ್ರಾಂತಿ.

ಹಿತಾಸಕ್ತಿಗಳ ರಾಜಕಾರಣ

ರಾಜಕಾರಣವು ಇದೇ ಅರ್ಥವ್ಯವಸ್ಥೆಯ ಮೇಲೆ ನಿಂತಿದೆ. ಭೂಮಾಲೀಕರು, ಉದ್ಯಮಪತಿಗಳು, ಬುದ್ಧಿಜೀವಿಗಳು, ಸೇನೆ, ಧರ್ಮನಿಷ್ಠರು, ಸಣ್ಣ ಮಧ್ಯಮವರ್ಗ, ಗ್ರಾಮೀಣರು, ಕಾರ್ಮಿಕ ಸಂಘಗಳು ಹೀಗೆ ಎಂಟು ಹಿತಾಸಕ್ತಿ ಗುಂಪುಗಳಿವೆ. ಒಂದು ಗುಂಪಿನ ಬಲವು ಅದರ ಬೆಂಬಲಿಗರ ಸಂಪತ್ತು ಮತ್ತು ಮತಗಳಿಂದ ನಿರ್ಧಾರವಾಗುತ್ತದೆ. ದೊರೆಯಾದವನು ಬೇಕೆಂದ ಕಾನೂನನ್ನೆಲ್ಲ ತರಲಾರ. ಬಲವುಳ್ಳ ಗುಂಪಿನ ಬೆಂಬಲ ಬೇಕು, ಎದುರಾಳಿಗಳನ್ನು ಕೆಣಕಿದರೆ ಕ್ರಾಂತಿಯ ಭಯ ಉಂಟು.

ಈ ಏರ್ಪಾಟಿನ ಹಿಂದಿರುವ ಇತಿಹಾಸವನ್ನು ಬ್ರಿಟನ್ನಿನ ಧಾನ್ಯ ಕಾಯಿದೆಗಳ ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣಬಹುದು. 1815ರಿಂದ ಜಾರಿಯಲ್ಲಿದ್ದ ಆ ಕಾಯಿದೆಗಳು ಹೊರದೇಶದ ಧಾನ್ಯವನ್ನು ತಡೆದು ಭೂಮಾಲೀಕರ ಆದಾಯವನ್ನು ಕಾಪಾಡುತ್ತಿದ್ದವು. ರೊಟ್ಟಿ ದುಬಾರಿಯಾದರೆ ಕೂಲಿಯೂ ದುಬಾರಿ ಎಂಬುದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಅಳಲು. ರಿಚರ್ಡ್ ಕಾಬ್ಡನ್ ಮತ್ತು ಜಾನ್ ಬ್ರೈಟ್ ನಡೆಸಿದ ಚಳವಳಿಯ ಒತ್ತಡ, ಐರ್ಲೆಂಡಿನ ಆಲೂಗೆಡ್ಡೆ ಬೆಳೆಯ ನಾಶ ಇವುಗಳ ನಡುವೆ ಪ್ರಧಾನಿ ರಾಬರ್ಟ್ ಪೀಲ್ 1846ರಲ್ಲಿ ಆ ಕಾಯಿದೆಗಳನ್ನು ರದ್ದುಪಡಿಸಿದರು. ಅವರ ಪಕ್ಷವೇ ಒಡೆಯಿತು. ಸಂಪತ್ತು ಭೂಮಿಯಿಂದ ಗಿರಣಿಗೆ ಸರಿದಂತೆ ಅಧಿಕಾರವೂ ಸರಿಯುತ್ತದೆ ಎಂಬ ಈ ಪಾಠವನ್ನು ‘ವಿಕ್ಟೋರಿಯಾ’ ಆಟ ಸಮರ್ಥವಾಗಿ ಕಲಿಸುತ್ತದೆ.

ಕ್ಷಾಮದ ಪ್ರಶ್ನೆ

ಇಂಥ ಮಾದರಿಗೆ ನಿಜವಾದ ಒರೆಗಲ್ಲು ಕ್ಷಾಮ. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ‘ಪಾವರ್ಟಿ ಆ್ಯಂಡ್ ಫ್ಯಾಮಿನ್ಸ್’ ಗ್ರಂಥದಲ್ಲಿ, ನಾಡಿನಲ್ಲಿ ಆಹಾರವಿದ್ದೂ ಅದನ್ನು ಪಡೆಯುವ ಶಕ್ತಿ ಕೆಲವರಿಗೆ ಇಲ್ಲದೆ ಹೋದಾಗ ಕ್ಷಾಮ ಉಂಟಾಗಬಲ್ಲದೆಂದು 1943ರ ಬಂಗಾಳದ ಉದಾಹರಣೆಯೊಡನೆ ತೋರಿಸಿದರು. ‘ಹಮುರಾಬಿ’ಯಲ್ಲಿ ಇದು ಅಸಾಧ್ಯ, ಅಲ್ಲಿ ಕಣಜದಲ್ಲಿರುವುದನ್ನು ದೊರೆಯೇ ಹಂಚುತ್ತಾನೆ. ‘ವಿಕ್ಟೋರಿಯಾ’ದಲ್ಲಿ ಸಾಧ್ಯ. ಕೂಲಿ ಕುಸಿದು ಧಾನ್ಯದ ಬೆಲೆ ಏರಿದರೆ, ಮಾರುಕಟ್ಟೆಯಲ್ಲಿ ಸರಕಿದ್ದರೂ ಬಡವರ ಗುಂಪು ಅದನ್ನು ಕೊಳ್ಳಲಾರದು. 2024ರ ನವೆಂಬರಿನಲ್ಲಿ ಭಾರತವನ್ನು ಕುರಿತ ‘ಪಿವಟ್ ಆಫ್ ಎಂಪೈರ್’ ಎಂಬ ಪೂರಕ ಭಾಗದೊಡನೆ ಬಂದ ಪರಿಷ್ಕರಣೆಯು ಸುಗ್ಗಿಯ ಏರುಪೇರು, ಆಹಾರ ಭದ್ರತೆ, ಕ್ಷಾಮಗಳನ್ನು ನೇರವಾಗಿಯೇ ಲೆಕ್ಕಕ್ಕೆ ಸೇರಿಸಿತು.

ಈ ಲೆಕ್ಕದ ಹಿಂದೆ ಮೈಸೂರು ಸೀಮೆಗೆ ಪರಿಚಿತವಾದ ಒಂದು ದುರಂತವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಬ್ರಿಟಿಷರು ಕಸಿದುಕೊಂಡದ್ದು 1831ರಲ್ಲಿ, ಅರಸುಮನೆತನಕ್ಕೆ ಅದನ್ನು ಮರಳಿಸಿದ್ದು 1881ರಲ್ಲಿ. ಆ ಐವತ್ತು ವರ್ಷಗಳ ಕೊನೆಯಲ್ಲಿ, 1876ರಿಂದ 1878ರವರೆಗೆ, ಜನಮನದಲ್ಲಿ ಧಾತು–ಈಶ್ವರ ಸಂವತ್ಸರಗಳ ಬರವೆಂದು ಉಳಿದ ಮಹಾಕ್ಷಾಮ ಎರಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ಕ್ಷಾಮದ ವರ್ಷಗಳಲ್ಲಿ ಭಾರತದ ಗೋಧಿ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇತ್ತು. ಸರ್ಕಾರದ ಪರವಾಗಿ ಮದರಾಸು ಪ್ರಾಂತ್ಯಕ್ಕೆ ಬಂದ ರಿಚರ್ಡ್ ಟೆಂಪಲ್ 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನೂ ಕಡಿತಗೊಳಿಸಿದರು. ಕ್ಷಾಮ ಆಯೋಗ, ಕ್ಷಾಮ ಸಂಹಿತೆಗಳು ಬಂದದ್ದು ಇದೆಲ್ಲ ಆದ ಮೇಲೆ.

ಆಟದಲ್ಲಿ ಬ್ರಿಟನ್ನನ್ನು ನಡೆಸುವವನಿಗೆ ಭಾರತ ತನ್ನದೇ ಮಾರುಕಟ್ಟೆಯ ಭಾಗ. ಇಲ್ಲಿನ ಧಾನ್ಯ ಅಲ್ಲಿನ ಪೂರೈಕೆಗೆ ಸೇರಿ, ಲಂಡನ್ನಿನ ಕಾರ್ಮಿಕನ ಜೀವನಮಟ್ಟ ತುಸು ಏರುತ್ತದೆ. ದಕ್ಷಿಣ ಭಾರತದ ಕೂಲಿಕಾರನ ಜೀವನಮಟ್ಟ ತುಸು ಇಳಿಯುತ್ತದೆ. ಎರಡೂ ಅಂಕಿಗಳು ಒಂದೇ ಪರದೆಯ ಮೇಲೆ ಲಭ್ಯ. ಆಟಗಾರನ ಕಣ್ಣು ಮೊದಲನೆಯದರ ಮೇಲಿರುತ್ತದೆ, ಏಕೆಂದರೆ ಅಶಾಂತಿ ಲಂಡನ್ನಿನಲ್ಲಿ ಎದ್ದರೆ ಅವನ ಸರ್ಕಾರಕ್ಕೆ ಅಪಾಯ. ಸಾಮ್ರಾಜ್ಯದ ಅಧಿಕಾರಿಗಳು ಹೇಗೆ ಯೋಚಿಸಿದರು ಎಂಬುದನ್ನು ಇದಕ್ಕಿಂತ ನಿಖರವಾಗಿ ಅನುಭವಕ್ಕೆ ತರುವುದು ಕಷ್ಟ. ಆದರೆ ಹಸಿದವನ ಸ್ಥಾನದಲ್ಲಿ ಕುಳಿತು ಆಡಲು ಇಲ್ಲಿ ಅವಕಾಶವಿಲ್ಲ.

ಮಾದರಿಯ ಮಿತಿ

1964ರ ಲಗಾಶ್‌ನಿಂದ ಇಂದಿನವರೆಗೆ ಎಣಿಕೆ ಸೂಕ್ಷ್ಮವಾಗುತ್ತ ಬಂದಿದೆ. 2025ರ ನವೆಂಬರಿನಲ್ಲಿ ಬಂದ ‘ಯುರೋಪಾ ಯೂನಿವರ್ಸಾಲಿಸ್’ ಐದನೆಯ ಆಟ 1337ರಲ್ಲಿ, ಅಂದರೆ ವಿಜಯನಗರ ಸ್ಥಾಪನೆಯಾಯಿತೆಂದು ಹೇಳಲಾಗುವ 1336ರ ಮರುವರ್ಷವೇ, ಆರಂಭವಾಗುತ್ತದೆ. ಅಲ್ಲಿ ದೊರೆಯ ಅಂಕಗಳ ಬದಲು ಜನಸಮೂಹಗಳಿವೆ, ಒಂದೇ ದಿಕ್ಕಿನ ಕಾಲುವೆಗಳ ಬದಲು ಮಾರುಕಟ್ಟೆಗಳಿವೆ. ಹನ್ನೆರಡು ವರ್ಷಗಳಲ್ಲಿ ಒಂದೇ ಸರಣಿಯು ಸಂಪತ್ತಿನ ಮೂಲವನ್ನು ಸಿಂಹಾಸನದಿಂದ ಜನರತ್ತ ಸರಿಸಿದೆ.

ಬದಲಾಗದೆ ಉಳಿದಿರುವುದು ಆಟಗಾರನ ಆಸನ. ಅದು ಅಂದೂ ಕಣಜದ ಕೀಲಿಕೈ ಹಿಡಿದವನದು, ಇಂದೂ ಅವನದೇ. ಇತಿಹಾಸದ ಶಕ್ತಿಗಳು ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅರಿಯಲು ಈ ಆಟಗಳು ಸಹಾಯಕ. ಅಲ್ಲಿ ಕಂಡ ಫಲಿತಾಂಶವನ್ನು ಇತಿಹಾಸವೆಂದು ಒಪ್ಪುವ ಮೊದಲು, ಅದನ್ನು ಹುಟ್ಟಿಸಿದ ನಿಯಮ ಯಾವುದು, ಆ ನಿಯಮದಲ್ಲಿ ಯಾರ ಹಸಿವು ಲೆಕ್ಕಕ್ಕೆ ಬಂದಿದೆ ಎಂದು ಕೇಳಿಕೊಳ್ಳುವುದು ಅಗತ್ಯ.