ಕಾಲುವೆ, ಸೊಳ್ಳೆ ಮತ್ತು ಬೇವಿನೆಣ್ಣೆ

ಹಂಪಿಗೆ ಹೋದವರು ಕಲ್ಲನ್ನು ನೋಡಿ ಬರುತ್ತಾರೆ. ನೀರನ್ನು ನೋಡಿ ಬರುವವರು ವಿರಳ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಸುತ್ತಮುತ್ತ ಬಾಳೆ, ಕಬ್ಬು, ಭತ್ತ. ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡು ಕಟ್ಟಿ ತೆಗೆಸಿದ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಈ ಸೀಮೆಯಲ್ಲಿ ಇಂದಿಗೂ ಹರಿಯುತ್ತಿವೆ. 1565ರಲ್ಲಿ ರಾಜಧಾನಿ ಹಾಳಾಯಿತು; ಕಾಲುವೆಗಳು ಉಳಿದವು. ಅವುಗಳ ಜೊತೆಯಲ್ಲೇ ಯಾವ ಶಾಸನದಲ್ಲೂ ಹೆಸರಿಲ್ಲದ ಇನ್ನೊಂದು ಪ್ರಜೆಯೂ ಉಳಿಯಿತು. ಅದೇ ಸೊಳ್ಳೆ.

ನಮ್ಮ ಹಿರಿಯರು ಸೊಳ್ಳೆಯನ್ನು ಅರಿಯದವರಲ್ಲ. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಬೇವಿನೆಲೆ, ಲಕ್ಕಿಸೊಪ್ಪುಗಳ ಹೊಗೆ ಹಾಕುವುದು ವಾಡಿಕೆಯಾಗಿತ್ತು. ಆದರೆ ಅದು ಹಾರುವ ಸೊಳ್ಳೆಯನ್ನು ನೆರೆಮನೆಗೆ ಕಳಿಸುವ ಉಪಾಯ. ಚಳಿಜ್ವರಕ್ಕೂ ಸೊಳ್ಳೆಗೂ ಇರುವ ನಂಟು ಆಗ ಯಾರಿಗೂ ತಿಳಿದಿರಲಿಲ್ಲ. ಮಲೇರಿಯ ಎಂಬ ಇಟಲಿಯ ಮಾತಿಗೆ ಕೆಟ್ಟ ಗಾಳಿ ಎಂದೇ ಅರ್ಥ.

ನೀರಿನ ಕಡೆಗೆ ಕಣ್ಣು ತಿರುಗಿದ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವುಂಟು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಅಲ್ಲಿಯ ದಂಡಿನಲ್ಲಿ ಕೆಲಸಕ್ಕಿದ್ದ. ತನ್ನ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿರುವುದನ್ನು ಕಂಡು ಅದನ್ನು ಮಗುಚಿದ. ಮನೆಯ ಕಾಟ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹಾಗೆಯೇ ಮಾಡೋಣವೆಂದರೆ, ಸೃಷ್ಟಿಯ ಕ್ರಮ ಕೆಡಿಸಬಾರದೆಂದು ಅಲ್ಲಿಯ ಅಧಿಕಾರಿ ಒಪ್ಪಲಿಲ್ಲವಂತೆ! 1897ರಲ್ಲಿ ಸಿಕಂದರಾಬಾದಿನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡ.

ಅನಂತರ ಮದ್ದುಗಳ ಮೆರವಣಿಗೆ. ನಿಂತ ನೀರಿಗೆ ಸೀಮೆಎಣ್ಣೆ ಸುರಿದರು. ಉಸಿರಿಗಾಗಿ ಮೇಲಕ್ಕೆ ಬರುವ ಮರಿಹುಳು ಎಣ್ಣೆಯ ಪೊರೆಯಡಿ ಸತ್ತಿತು. ಪಾಷಾಣ ಬೆರೆತ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯನ್ನು ಎರಚಿದರು. 1928ರಲ್ಲಿ ಡಾ. ಬಿ. ಎ. ರಾವ್ ಅವರು ಇಟಲಿಯಿಂದ ಗಾಂಬುಸಿಯಾ ಮೀನನ್ನು ತಂದರು. ಮಂಡ್ಯದ ಹೊಲಗಳಿಗೆ 1930ರ ದಶಕದಲ್ಲಿ ನಾಲೆಯ ನೀರು ಬಂದಾಗ ಮಲೇರಿಯವೂ ಅದರ ಬೆನ್ನಿಗೇ ಬಂತು. ನೀರಾವರಿಯ ಲೆಕ್ಕದಲ್ಲಿ ಜ್ವರದ ಬಾಬತ್ತನ್ನೂ ಬರೆಯಬೇಕೆಂಬ ಪಾಠವನ್ನು ಮೈಸೂರು ಸೀಮೆ ಹೀಗೆ ಕಲಿಯಿತು.

ಡಿಡಿಟಿ ಬಂದಮೇಲೆ ಈ ಪಾಠ ಮರೆಯಿತು. 1946ರ ಹೊತ್ತಿಗೆ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಮನೆಗೋಡೆಗಳಿಗೆ ಅದನ್ನು ಸಿಂಪಡಿಸಿ ಡಾ. ಡಿ. ಕೆ. ವಿಶ್ವನಾಥನ್ ತೋರಿಸಿದ ಫಲ ದೇಶಕ್ಕೇ ದಾರಿಯಾಯಿತು. ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜಾಗಿದ್ದ ಮಲೇರಿಯ 1965ರಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಎಷ್ಟು ಜೀವ ಉಳಿಯಿತೆಂಬುದನ್ನು ಮರೆತು ಡಿಡಿಟಿಯನ್ನು ಬೈಯುವುದು ನ್ಯಾಯವಲ್ಲ. ಆದರೆ ಗೋಡೆಗೆ ಮದ್ದು ಸಿಕ್ಕಿತೆಂದು ನಾವು ನೀರಿನ ಕಡೆ ನೋಡುವುದನ್ನು ಬಿಟ್ಟೆವು. ಸೊಳ್ಳೆ ಮದ್ದಿಗೆ ಒಗ್ಗಿತು. 1976ರಲ್ಲಿ ಮಲೇರಿಯಗ್ರಸ್ತರ ಸಂಖ್ಯೆ 64 ಲಕ್ಷ ಮುಟ್ಟಿತು.

ಹಿತ್ತಲ ಗಿಡದ ನೆನಪು ಈಗ ಮರಳಿ ಬಂದಿದೆ. 1968ರಲ್ಲಿ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಹುಳು ಪೊರೆ ಕಳಚಿ ಬೆಳೆಯುವುದನ್ನೇ ಅದು ತಡೆಯುತ್ತದೆ. ತುಳಸಿ, ನಿಂಬೆಹುಲ್ಲು, ನೀಲಗಿರಿಗಳ ಸುಗಂಧತೈಲಗಳದು ಬೇರೆ ಜಾತಿ. ಇವನ್ನು ಗಾಣದಿಂದಲ್ಲ, ಹಬೆಯಿಂದ ಇಳಿಸುತ್ತಾರೆ. 1916ರಿಂದ ಶ್ರೀಗಂಧದೆಣ್ಣೆ ಇಳಿಸುತ್ತ ಬಂದ ನಮ್ಮ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಇಪ್ಪತ್ತೈದು ಮರಿಹುಳು ಬಿಟ್ಟು, ಎಣ್ಣೆ ಬೆರೆಸಿ, ಇಪ್ಪತ್ನಾಲ್ಕು ಗಂಟೆಯ ಮೇಲೆ ಸತ್ತವನ್ನು ಎಣಿಸುತ್ತಾರೆ. ಇಂಥ ಹಲವು ಎಣ್ಣೆಗಳು ಆ ಪರೀಕ್ಷೆಯಲ್ಲಿ ಗೆದ್ದಿವೆ.

ಇದನ್ನೆಲ್ಲ ಕಡ್ಡಿರಾಂಪುರದ ರೈತರೊಬ್ಬರಿಗೆ ನಾನು ಉತ್ಸಾಹದಿಂದ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಎಣ್ಣಿ ಹಾಕಿದ ನೀರು ದನ ಕುಡೀಬಹುದೇನ್ರಿ? ಅದನ್ನ ಮೊದ್ಲು ಹೇಳ್ರಿ" ಎಂದರು.

ಪ್ರಶ್ನೆ ಇರುವುದು ಅಲ್ಲಿಯೇ. ಬಟ್ಟಲು ಕಾಲುವೆಯಲ್ಲ. ಗಿಡದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಪ್ರಮಾಣ ಮೀರಿದರೆ ಸುಗಂಧತೈಲವೂ ಮೀನಿಗೆ, ನೀರಿನ ಇತರ ಜೀವಿಗಳಿಗೆ ವಿಷವೇ. ಇನ್ನು, ಅದು ಬೇಗ ಆರಿಹೋಗುತ್ತದೆ. ನೀರಿನಲ್ಲಿ ವಿಷ ಉಳಿಯದೆಂಬುದು ಅದರ ಗುಣ. ಮತ್ತೆ ಮತ್ತೆ ಹಾಕಬೇಕೆಂಬುದು ಅದರ ದೋಷ. ಹರಿಯುವ ನಾಲೆಗೆ ಅದನ್ನು ಸುರಿಯುವುದು ದುಡ್ಡನ್ನು ಹೊಳೆಗೆ ಸುರಿದಂತೆ. ಕುಡಿಯಲು ಬಳಸದ, ಬರಿದುಮಾಡಲೂ ಆಗದ ಸಣ್ಣ ಗುಂಡಿಗೆ, ಹದವರಿತವರು ಗೊತ್ತುಮಾಡಿದ ಪ್ರಮಾಣದಲ್ಲಿ ಅದು ಪ್ರಯೋಜನಕ್ಕೆ ಬಂದೀತು.

ಪೇಟೆಯವರಾದ ನಾವು ಇದು ಹಳ್ಳಿಯ ಮಾತೆಂದು ತಿಳಿಯಬೇಕಾಗಿಲ್ಲ. 2006ರಲ್ಲಿ ಊರೂರಿನ ಜನರನ್ನು ಹಾಸಿಗೆ ಹಿಡಿಸಿದ ಚಿಕುನ್‌ಗುನ್ಯದ ಸೊಳ್ಳೆ ಹುಟ್ಟುವುದು ಕಾಲುವೆಯಲ್ಲಲ್ಲ, ನಮ್ಮ ಡ್ರಮ್ಮು ತೊಟ್ಟಿಗಳ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಬೇಸಗೆಯಲ್ಲಿ ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ, ಒಣಗಿಸಿ, ಮುಚ್ಚಿಡುವುದು ಯಾವ ಎಣ್ಣೆಗಿಂತಲೂ ಮೇಲು. ಬೇವಿನೆಣ್ಣೆ ಬರಲಿ, ತುಳಸಿಯ ತೈಲವೂ ಬರಲಿ. ಗೋಡೆಯ ಮದ್ದನ್ನು ನಂಬಿ ಒಮ್ಮೆ ನೀರನ್ನು ಮರೆತಂತೆ, ಸೀಸೆಯ ಮದ್ದನ್ನು ನಂಬಿ ಮತ್ತೊಮ್ಮೆ ಮರೆಯದಿದ್ದರೆ ಸಾಕು.